ಕ್ಲೀನರ್ ಸೀಟಿನಲ್ಲಿ ಕೂತು

ಅಮರಗೋಳದ ಎಪಿಎಂಸಿ ಅಂಗಳದಲ್ಲಿ ಹಮಾಲರು ಕೊನೆಯ ಚೀಲ ಏರಿಸಿದಾಗ ಸಂಜೆ ಏಳೂವರೆ ಆಗಿತ್ತು. ಒಂದೊಂದು ಚೀಲ 50 ಕೆ.ಜಿ., ಒಟ್ಟು 360 ಚೀಲ. ಹದಿನೆಂಟು ಟನ್ ಉಳ್ಳಾಗಡ್ಡಿ. ಡ್ರೈವರ್ ಲೋಡಿನ ಮೇಲೆ ನಿಂತು ತಾಡಪತ್ರಿ ಬಿಡಿಸಿದರು. ಕೆಳಗೆ ಹಗ್ಗ ಹಿಡಿಯಲು ಯಾರೂ ಇರಲಿಲ್ಲ. ಅವರೇ ಇಳಿದು ಬಂದು ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸಿದರು, ಪಾದವನ್ನು ಟೈರಿಗೆ ಊರಿ ಮೈಯೆಲ್ಲ ಹಿಂದಕ್ಕೆ ಬಾಗಿಸಿ ಜಗ್ಗಿದರು, ಗಂಟು ಹಾಕಿ ಆ ಬದಿಗೆ ಓಡಿದರು. ಅಲ್ಲಿಂದ ಮತ್ತೆ ಈ ಬದಿಗೆ. ನೋಡುತ್ತ ನಿಲ್ಲಲಾಗದೆ ನಾನು ಹೋಗಿ ಹಗ್ಗದ ಒಂದು ತುದಿ ಹಿಡಿದೆ. "ಕೈ ಕೊಯ್ತೈತ್ರಿ ಸರ, ಬಿಡ್ರಿ" ಅಂದರು. ಬಿಡಲಿಲ್ಲ. ಹತ್ತು ನಿಮಿಷಕ್ಕೆ ನನ್ನ ಅಂಗೈ ಕೆಂಪೇರಿ ಉರಿಯತೊಡಗಿತು.

ಮೂವತ್ತು ವರ್ಷದ ಹಿಂದೆ ಈ ಹಗ್ಗದ ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗ ಇರುತ್ತಿದ್ದ. ಗಾಜು ಒರೆಸುವವನು ಅವನು, ಟೈರಿಗೆ ಕೋಲು ಬಡಿದು ಸಪ್ಪಳದಲ್ಲೇ ಗಾಳಿ ಅಳೆಯುವವನು ಅವನು. ಗಾಡಿ ಹಿಂದಕ್ಕೆ ತೆಗೆಯುವಾಗ ಬಾಡಿಗೆ ಕೈ ಬಡಿಯುತ್ತ "ಬರ್ಲಿ, ಬರ್ಲಿ" ಅನ್ನುತ್ತಿದ್ದ. ಏರಿನಲ್ಲಿ ಗಾಡಿ ನಿಂತರೆ ಜಿಗಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಐದಾರು ವರ್ಷ ಬೈಸಿಕೊಂಡು, ರಾತ್ರಿ ಡ್ರೈವರ್ ತೂಕಡಿಸದಂತೆ ಮಾತಾಡಿಸಿಕೊಂಡು, ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಮೇಲೆ ಕೈ ಇಡಲು ಕಲಿತು, ಕೊನೆಗೆ ಲೈಸೆನ್ಸ್ ಮಾಡಿಸಿ ತಾನೇ ಡ್ರೈವರ್ ಆಗುತ್ತಿದ್ದ. ಈ ಕಸುಬಿಗೆ ಇದ್ದ ಸಾಲಿ ಅದೊಂದೇ. ಈಗ ಆ ಸೀಟು ಖಾಲಿ ಹೋಗುತ್ತದೆ. 2025ರ ಫೆಬ್ರವರಿಯ ಆ ರಾತ್ರಿ, ಹುಬ್ಬಳ್ಳಿಯಿಂದ ಮಂಗಳೂರಿನ ಬಂದರಿನವರೆಗೆ, ಅದರಲ್ಲಿ ನಾನು ಕೂತೆ.

ಹೀಗೆ ಕೂರಬೇಕೆಂಬುದು ಬಹಳ ವರ್ಷದ ಆಸೆ. ನಮ್ಮ ಕಾಕಾ ಲಾರಿ ಡ್ರೈವರ್. ಅರಳೆಯ ಲೋಡು ಹೊತ್ತು ಮುಂಬಯಿಗೆ ಹೋಗುತ್ತಿದ್ದರು. 1993ರಲ್ಲಿ ಖಂಬಾಟಕಿ ಘಾಟಿನ ಇಳಿಜಾರಿನಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನಕ್ಕಿಂತ ನನಗೆ ಹೆಚ್ಚು ನೆನಪಿರುವುದು ಆಮೇಲಿನ ಎಂಟು ವರ್ಷ, ಕಾಕೂ ಸೆರಗಿನ ತುದಿಯಲ್ಲಿ ಬಸ್ಸಿನ ಚಿಲ್ಲರೆ ಕಟ್ಟಿಕೊಂಡು ಪರಿಹಾರದ ಕೇಸಿಗೆ ಓಡಾಡಿದ್ದು. ಕಾಕಾನ ಲೈಸೆನ್ಸ್ ಅವಧಿ ಮುಗಿದು ಹನ್ನೊಂದು ದಿನ ಆಗಿತ್ತು. ವಿಮೆ ಕಂಪನಿಯವರು ಅದನ್ನೇ ಹಿಡಿದರು. ಅವರು ಆ ಲಾರಿಯ ಡ್ರೈವರ್ ಆಗಿದ್ದರು ಅನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ತಿಂಗಳ ದುಡಿಮೆ ಎಷ್ಟು ಎಂದು ವಕೀಲರು ಕೇಳಿದಾಗ ಕಾಕೂಗೆ ಹೇಳಲು ಬರಲಿಲ್ಲ. ಟ್ರಿಪ್ಪಿನಿಂದ ಬಂದ ಕಾಕಾ ಕೈಗೆ ಇಟ್ಟಷ್ಟೇ ಅವಳಿಗೆ ಗೊತ್ತು. ಕೊನೆಗೆ ಹಣ ಮಾಲೀಕರ ಮೇಲೆ ಬಿತ್ತು. ಅವರೂ ಒಂದೇ ಲಾರಿಯವರು. ಆ ಲಾರಿ ಮಾರಿ ಕಂತು ಕಂತಾಗಿ ಕೊಟ್ಟರು. ಎರಡು ಮನೆ ಒಟ್ಟಿಗೆ ಮುಳುಗಿದವು. ಅಂದಿನಿಂದ ವಿಮೆಯ ಕಾಗದ ಎಲ್ಲಿ ಕಂಡರೂ ಬಿಡದೆ ಓದುತ್ತೇನೆ.

ಉಳ್ಳಾಗಡ್ಡಿ ಲಾರಿಯ ಮಾಲೀಕರೂ ಮೊದಲು ಡ್ರೈವರ್ ಆಗಿದ್ದವರೇ. ಟ್ರಾನ್ಸ್‌ಪೋರ್ಟ್ ಆಫೀಸಿನ ಬೆಂಚಿನ ಮೇಲೆ ಕೂತು ಪ್ಲಾಸ್ಟಿಕ್ ಫೈಲು ಬಿಚ್ಚಿ ಒಂದೊಂದೇ ತೆಗೆದು ತೋರಿಸಿದರು. ಆರ್‌ಸಿ, ಎಫ್‌ಸಿ, ಪರ್ಮಿಟ್, ಟ್ಯಾಕ್ಸ್, ಹೊಗೆ ತಪಾಸಣೆಯ ಚೀಟಿ, ಇನ್ಶೂರೆನ್ಸ್. ಹುಬ್ಬಳ್ಳಿ–ಗದಗದ ಕಡೆ ಒಂದು ಲಾರಿ ಕೊಂಡವನಿಗೆಲ್ಲ ವಿಜಯ ಸಂಕೇಶ್ವರರ ಕಥೆ ಬಾಯಿಪಾಠ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿ ಸಾವಿರಾರು ಗಾಡಿಗಳ ವಿಆರ್‌ಎಲ್ ಕಟ್ಟಿದರಲ್ಲ, ಅದು. ಇವರೂ ಆ ಮಾತಿನಿಂದಲೇ ಶುರು ಮಾಡಿದರು. "ನಂದು ಒಂದ ಇದ್ದದ್ದು ಒಂದ ಉಳೀತ್ರಿ" ಎಂದು ಇನ್ಶೂರೆನ್ಸ್ ಕಾಗದ ನನ್ನ ಕೈಗೆ ಕೊಟ್ಟರು.

ಹತ್ತು ಚಕ್ರದ ಲಾರಿ. 2018ರಲ್ಲಿ ತೂಕದ ಮಿತಿ ಏರಿಸಿದ ಮೇಲೆ ಇಂಥ ಗಾಡಿ ಸರಕು ಸೇರಿ 28.5 ಟನ್ ತೂಗಬಹುದು. ಹಾಗಾಗಿ ವಿಮೆಯ ದರಪಟ್ಟಿಯಲ್ಲಿ ಇದು 20ರಿಂದ 40 ಟನ್ನಿನ ಸಾಲಿಗೆ ಬರುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ ಥರ್ಡ್ ಪಾರ್ಟಿ ಒಂದಕ್ಕೇ ವರ್ಷಕ್ಕೆ 43,950 ರೂಪಾಯಿ. ಅದರ ಮೇಲೆ ಆಗಿದ್ದ ಶೇ 12 ಜಿಎಸ್‌ಟಿ ಸೇರಿ 49,224. ಗಾಡಿಯ ಸ್ವಂತ ಹಾನಿಗೆ ಕಟ್ಟುವುದು ಬೇರೆ. ಎಲ್ಲ ಕೂಡಿಸಿದರೆ ಎಂಬತ್ತು ಸಾವಿರದ ಹತ್ತಿರ ಹೋಗುತ್ತದೆ ಅಂದರು. ಗಾಡಿಗೆ ಕಂಪನಿ ಒಪ್ಪಿದ ಬೆಲೆ ಹದಿನಾರು ಲಕ್ಷ. ಬ್ಯಾಂಕಿನ ಕಂತು ಪ್ರತಿ ತಿಂಗಳ ಐದರಂದು.

ಥರ್ಡ್ ಪಾರ್ಟಿ ಅಂದರೆ ರಸ್ತೆಯ ಮೇಲಿನ ಮೂರನೆಯವರು: ಡಿಕ್ಕಿಗೆ ಸಿಕ್ಕ ಬೈಕಿನವರು, ದಾಟುತ್ತಿದ್ದ ಮಗು, ಎದುರಿನ ಕಾರಿನವರು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಈ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಸಾವು–ನೋವಿಗೆ ನ್ಯಾಯಮಂಡಳಿ ಎಷ್ಟು ಪರಿಹಾರ ಹೇಳಿದರೂ ಕಂಪನಿ ಕೊಡಬೇಕು, ಅದಕ್ಕೆ ಮೇಲ್ಮಿತಿ ಇಲ್ಲ. ಇದು ಒಳ್ಳೆಯ ಕಾನೂನು ಎಂದೇ ನಾನು ನಂಬಿದ್ದೇನೆ. ಆದರೆ ಇದೇ ಕಾರಣಕ್ಕೆ ಕಂಪನಿಗಳಿಗೆ ಲಾರಿ ಅಂದರೆ ಬೇಡದ ಗಿರಾಕಿ. 2007ರಲ್ಲಿ ದರಗಳ ಕಟ್ಟು ಸಡಿಲಿಸಿದಾಗ ಲಾರಿಗಳಿಗೆ ಪಾಲಿಸಿ ಸಿಗುವುದೇ ಕಷ್ಟವಾದೀತೆಂದು ಎಲ್ಲ ಕಂಪನಿಗಳ ಮೇಲೂ ಹೊರೆ ಹಂಚುವ ಒಂದು ಸಾಮಾನ್ಯ ನಿಧಿಯನ್ನೇ ಮಾಡಬೇಕಾಯಿತು. 2012ರವರೆಗೆ ಅದು ನಡೆಯಿತು. ಅತ್ತ ಮಾಲೀಕರಿಗೆ ಪ್ರೀಮಿಯಂ ಭಾರ. 2018ರ ಜುಲೈನಲ್ಲಿ ದೇಶದ ಲಾರಿಗಳೆಲ್ಲ ಎಂಟು ದಿನ ನಿಂತಾಗ ಡೀಸೆಲ್, ಟೋಲಿನ ಜೊತೆ ಥರ್ಡ್ ಪಾರ್ಟಿ ಪ್ರೀಮಿಯಂ ಕೂಡ ಬೇಡಿಕೆಯ ಪಟ್ಟಿಯಲ್ಲಿತ್ತು.

"ಇಷ್ಟೆಲ್ಲಾ ತುಂಬತೀನ್ರಿ, ಆದ್ರ ಗಾಡಿ ಹೊಡ್ಯಾವ್ರ ಸಿಗವಲ್ಲರು" ಅಂದರು ಮಾಲೀಕರು. "ಇವರು ಬಿಟ್ರ ಈ ಗಾಡಿ ಮನಿ ಮುಂದ ನಿಂದರ್ತೈತಿ."

ಹೊರಡುವ ಮುನ್ನ ಡ್ರೈವರ್ ನನಗೆ ಒಂದು ಮಾತು ಹೇಳಿಕೊಟ್ಟರು. "ದಾರ್ಯಾಗ ಯಾರರ ಕೇಳಿದ್ರ ಉಳ್ಳಾಗಡ್ಡಿ ಸಾವಕಾರ್ರ ಕಡಿಂದ ಬಂದೇನಿ ಅನ್ರಿ. ಸುಮ್ಮ ಕುಂತೇನಿ ಅನಬ್ಯಾಡ್ರಿ." ತಲೆತಲಾಂತರದಿಂದ ಡ್ರೈವರುಗಳು ಹೇಳಿಕೊಂಡು ಬಂದ ಮಾತು. ಅದರ ಹಿಂದಿನ ಕಾನೂನು ಅವರು ಓದಿಲ್ಲ, ಸಾರ ಮಾತ್ರ ಗೊತ್ತು. 1994ರ ತಿದ್ದುಪಡಿ ಸರಕಿನ ಮಾಲೀಕನನ್ನೋ ಅವನ ಪ್ರತಿನಿಧಿಯನ್ನೋ ವಿಮೆಯ ಒಳಗೆ ಸೇರಿಸಿತು. ಬರಿದೇ ಹತ್ತಿ ಕೂತವರನ್ನು ಸೇರಿಸಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟು, ಸರಕು ಸಾಗಿಸುವ ಗಾಡಿಯಲ್ಲಿ ಹಾಗೆ ಕೂತವರಿಗೆ ವಿಮೆ ಕಂಪನಿ ಹೊಣೆಯಲ್ಲ ಎಂದು ಹೇಳಿತು. ನಾನು ಕೂತ ಜಾಗಕ್ಕೆ ಆ ರಾತ್ರಿ ವಿಮೆ ಇರಲಿಲ್ಲ. ಸುಳ್ಳು ಹೇಳುವ ಮನಸ್ಸೂ ಇರಲಿಲ್ಲ. ಕೇಳಿದರೆ ಇದ್ದದ್ದು ಹೇಳುತ್ತೇನೆ ಅಂದೆ. ಅವರು ನಕ್ಕು ಗೇರ್ ಹಾಕಿದರು.

ಕಲಘಟಗಿ ದಾಟಿದ ಮೇಲೆ ಊರಿನ ದೀಪಗಳು ಹಿಂದಾಗುತ್ತವೆ. ಕಿರವತ್ತಿಯ ಆಚೆಗೆ ಎರಡೂ ಬದಿ ಕಾಡು. ಕ್ಯಾಬಿನ್ನಿನಲ್ಲಿ ಇಂಜಿನ್ನಿನ ಬಿಸಿ ಮೊಣಕಾಲಿಗೆ ಬಡಿಯುತ್ತಿತ್ತು, ಕಿಟಕಿಯಿಂದ ತಂಡಿ ಗಾಳಿ ಕಿವಿಗೆ. ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಬಂತು. ಈ ಗಾಡಿ ಅದಕ್ಕಿಂತ ಹಳೆಯದು. ಸೀಟಿನ ಹಿಂದೆ ಮಲಗುವ ಹಲಗೆ, ಅದರ ಮೇಲೆ ಒಂದು ಕೌದಿ. ಕೌದಿ ಮನೆಯಲ್ಲಿ ಹೊಲಿದದ್ದು. ಹಳೆಯ ಸೀರೆಯ ತುಂಡುಗಳಲ್ಲಿ ಒಂದರ ಮೇಲೆ ಮಾವಿನಕಾಯಿ ಅಂಚು ಇನ್ನೂ ಎದ್ದು ಕಾಣುತ್ತಿತ್ತು. ಆ ನಾಲ್ಕು ಅಡಿ ಜಾಗದಲ್ಲಿ ಮನೆ ಅನ್ನಬಹುದಾದದ್ದು ಅದೊಂದೇ.

ಡ್ರೈವರ್ ನಲವತ್ತೈದು ವರ್ಷದ ಮನುಷ್ಯ, ಹಾನಗಲ್ಲ ಕಡೆಯವರು. ಇಪ್ಪತ್ತಾರು ವರ್ಷದಿಂದ ಸ್ಟೇರಿಂಗ್ ಹಿಡಿದವರು. ಸಂಬಳ ಎಂಬುದು ಇಲ್ಲ, ಟ್ರಿಪ್ಪಿಗೆ ಇಷ್ಟು ಬಾಟಾ ಎಂದು ಲೆಕ್ಕ. ಊಟ, ದಾರಿಯ ಮಾಮೂಲು, ಪಂಕ್ಚರಿನ ಚಿಲ್ಲರೆ ಖರ್ಚು ಅದರೊಳಗೇ. "ಗಾಡಿ ಹೊಳ್ಳತಿದ್ರ ತಿಂಗಳಾ ಹದಿನೆಂಟೋ ಇಪ್ಪತ್ತೋ ಸಾವಿರ ಬೀಳತೈತ್ರಿ. ನಿಂತ್ರ ಏನೂ ಇಲ್ಲ." ಇಳಿಸುವ ಕಡೆ ಹಮಾಲರು ಸಿಗದೆ ಎರಡು ದಿನ ಕಾದರೂ ಅದು ದುಡಿಮೆಯ ಲೆಕ್ಕಕ್ಕೆ ಬರುವುದಿಲ್ಲ. ರಿಟರ್ನ್ ಲೋಡು ಸಿಗುವವರೆಗೆ ಕಾಯುವುದೂ ಅಷ್ಟೇ.

1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿತ್ತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು, ಸತತ ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದು ಲಾರಿ, ಒಬ್ಬ ಡ್ರೈವರ್ ಇರುವ ಈ ಲೋಕ ಆ ಬಾಗಿಲ ಹೊರಗೇ ನಿಂತಿತು. ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಇಂಥ ಸಣ್ಣ ಮಾಲೀಕರವೇ. ನೆಚ್ಚಿಕೊಂಡ ಜನರಿಗೇ ತಲುಪದ ಕಾಯ್ದೆ ಅರವತ್ತು ವರ್ಷ ಪುಸ್ತಕದಲ್ಲಿ ಉಳಿಯಿತು ಅನ್ನುವುದು ನನಗೆ ಹೊಟ್ಟೆಯುರಿಯುವ ಸಂಗತಿ.

"ಮಗನ್ನ ಕರಕೊಂಡ್ ಬರಲಿಲ್ಲೇನ್ರಿ ಅಣ್ಣಾರ ಲಾರಿಗೆ?" ಎಂದು ಕೇಳಿದೆ.

"ಎರಡ ಟ್ರಿಪ್ ಬಂದಿದ್ದ. ಅಂವ ಈಗ ಬೆಂಗಳೂರಾಗ ಪಾರ್ಸಲ್ ಹಂಚತಾನ್ರಿ ಬೈಕ್ ಮ್ಯಾಲ. ರಾತ್ರಿ ಆದ್ರ ರೂಮಿಗೆ ಹೋಗಿ ಮಕ್ಕೋತಾನ." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು, "ಡ್ರೈವರ್ ಅಂದ್ರ ಕನ್ಯಾ ಕೊಡಂಗಿಲ್ರಿ ಈಗ."

ಡ್ರೈವರುಗಳ ಕೊರತೆ ಎಂದು ಮಾಲೀಕರು, ಟ್ರಾನ್ಸ್‌ಪೋರ್ಟಿನವರು ಹೇಳುವಾಗ ಅದು ಎಲ್ಲಿಂದಲೋ ಬಂದ ಬರಗಾಲ ಎಂಬಂತೆ ಕೇಳಿಸುತ್ತದೆ. ಲೈಸೆನ್ಸಿಗೆ ಎಂಟನೇ ಇಯತ್ತೆ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ಸರ್ಕಾರ ತೆಗೆದದ್ದೂ ಈ ಕೊರತೆ ನೀಗಲೆಂದೇ. ನನಗೆ ಹಾಗೆ ಕಾಣುವುದಿಲ್ಲ. ಎರಡು ಟ್ರಿಪ್ ಬಂದು ನೋಡಿ ಇಳಿದು ಹೋದ ಹುಡುಗ ಯೋಚಿಸಿಯೇ ಇಳಿದಿದ್ದಾನೆ. ತನ್ನ ಅಪ್ಪ ಇಪ್ಪತ್ತಾರು ವರ್ಷ ದುಡಿದು ಏನು ಕೂಡಿಟ್ಟ, ನಾಳೆ ಏನಾದರೂ ಆದರೆ ಮನೆಗೆ ಏನು ಸಿಗುತ್ತದೆ ಎಂದು ಅವನು ಕಣ್ಣಾರೆ ಕಂಡಿದ್ದಾನೆ.

ಯಲ್ಲಾಪುರದಲ್ಲಿ ಚಹಾ ಕುಡಿದೆವು. ಅಲ್ಲಿಂದ ಅರಬೈಲು ಘಟ್ಟ. ಇಳಿಜಾರು ಶುರುವಾಗುವ ಮುನ್ನ ಅವರು ಗಾಡಿ ಬದಿಗೆ ಹಾಕಿ, ಟಾರ್ಚ್ ಹಿಡಿದು ಸುತ್ತ ಒಂದು ಸಲ ಬಂದರು. ಹತ್ತೂ ಟೈರು ಮುಟ್ಟಿದರು, ಹಗ್ಗದ ಬಿಗಿ ನೋಡಿದರು. ಮತ್ತೆ ಹತ್ತಿ ಕೂತು ಸಣ್ಣ ಗೇರಿಗೆ ಹಾಕಿದರು. ಘಟ್ಟ ಇಳಿಯುವಾಗ ಬ್ರೇಕು ತುಳಿದೇ ಇದ್ದರೆ ಡ್ರಮ್ಮು ಕಾಯ್ದು ಹಿಡಿತ ತಪ್ಪುತ್ತದೆ. ಗಾಡಿಯ ತೂಕವನ್ನು ಇಂಜಿನ್ನೇ ತಡೆಯಬೇಕು. ಹದಿನೆಂಟು ಟನ್ ಬೆನ್ನಿಗೆ ಒತ್ತುತ್ತಿರುವುದು ಕೂತ ನನಗೂ ಗೊತ್ತಾಗುತ್ತಿತ್ತು. ಇಂಜಿನ್ ಒಂದೇ ಸ್ವರದಲ್ಲಿ ಮುಲುಗುತ್ತ ಇಳಿಯಿತು. ಆ ಇಡೀ ಹೊತ್ತು ಅವರು ಒಂದು ಮಾತೂ ಆಡಲಿಲ್ಲ, ನಾನೂ ಆಡಿಸಲಿಲ್ಲ.

ಗುಳ್ಳಾಪುರ ಬರುವ ಮುಂಚೆ ಬಲಗೈಯನ್ನು ಸ್ಟೇರಿಂಗಿನಿಂದ ತೆಗೆದು ಎದೆಗೆ ಮುಟ್ಟಿಸಿಕೊಂಡರು. ಬರಿ ಮೂರು ವಾರದ ಹಿಂದೆ, ಜನವರಿ 22ರ ಬೆಳಗಿನ ಜಾವ, ಸವಣೂರಿನಿಂದ ಕುಮಟಾದ ಬುಧವಾರದ ಸಂತೆಗೆ ಕಾಯಿಪಲ್ಯೆ, ಹಣ್ಣು ಹೇರಿಕೊಂಡು ಹೊರಟಿದ್ದ ಲಾರಿ ಇಲ್ಲೇ ಕಂದಕಕ್ಕೆ ಉರುಳಿತ್ತು. ಇಪ್ಪತ್ತೈದಕ್ಕೂ ಹೆಚ್ಚು ಸಂತೆ ವ್ಯಾಪಾರಿಗಳು ಅದರಲ್ಲಿದ್ದರು. ತಮ್ಮ ಮಾಲಿನ ಜೊತೆ, ಮಾಲಿನ ಮೇಲೇ. ಹತ್ತು ಜನ ತೀರಿಕೊಂಡರು. ಬಸ್ಸಿಗೆ ಬುಟ್ಟಿ ಹೇರಿಕೊಂಡು ಹೋದರೆ ಸಂತೆಯ ಹೊತ್ತಿಗೆ ತಲುಪಲಾಗದು, ಬೇರೆ ಗಾಡಿ ಮಾಡಿದರೆ ಲಾಭ ಅಲ್ಲೇ ಮುಗಿಯುತ್ತದೆ. ವಾರ ವಾರ ಹೀಗೆ ಹೋಗಿ ಬರುವುದು ಅವರ ಬಾಳುವೆಯಾಗಿತ್ತು.

ಇಲ್ಲಿ ನನಗೆ ಆ 1994ರ ತಿದ್ದುಪಡಿ ಮತ್ತೆ ನೆನಪಾಯಿತು. ಸರಕಿನ ಮಾಲೀಕ ಸರಕಿನ ಜೊತೆ ಹೋಗಬಹುದು, ಅವನಿಗೆ ವಿಮೆಯ ಆಸರೆ ಇದೆ ಎಂದಿತು ಕಾನೂನು. ಆದರೆ 2007ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಹಾಗೆ ಆಸರೆ ಸಿಗಬೇಕಾದರೆ ಅವನು ಕ್ಯಾಬಿನ್ನಿನಲ್ಲಿ ಕೂತಿರಬೇಕು ಎಂದು ಹೇಳಿತು. ಕ್ಯಾಬಿನ್ನಿನಲ್ಲಿ ಇರುವುದು ಎರಡೋ ಮೂರೋ ಜಾಗ. ಬುಟ್ಟಿಯ ಮೇಲೆ ಕೂತು ಸಂತೆಗೆ ಹೋಗುವವರೆಲ್ಲ ಗೆರೆಯ ಆಚೆ ಉಳಿದರು. ಸರಕಿನ ಮೇಲೆ ಕೂರಬಾರದು ಎನ್ನುವುದು ಸರಿಯೇ, ಅದು ಅಪಾಯ. ಆದರೆ ಸಂತೆಗೆ ಅವರನ್ನು ಕ್ಷೇಮವಾಗಿ ಮುಟ್ಟಿಸುವ ಒಂದು ಗಾಡಿಯನ್ನು ಯಾರೂ ಬಿಡದಿದ್ದ ಮೇಲೆ, ಗೆರೆ ಎಳೆದಷ್ಟಕ್ಕೇ ಕೆಲಸ ಮುಗಿಯಿತೇ?

ಘಟ್ಟ ಮುಗಿದು ಗಂಗಾವಳಿ ಪಕ್ಕಕ್ಕೆ ಬಂತು. ಕತ್ತಲಲ್ಲಿ ಹೊಳೆ ಕಾಣುವುದಿಲ್ಲ, ಗಾಳಿ ತೇವವಾದದ್ದು ಗೊತ್ತಾಗುತ್ತದೆ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಬೇಡ್ತಿಯೇ ಗಂಗಾವಳಿ ಎನಿಸಿಕೊಂಡು ಇಲ್ಲಿಂದ ಕಡಲಿಗೆ ಹೋಗುತ್ತದೆ. ನಮ್ಮೂರ ನೀರು ನಮ್ಮ ಜೊತೆಗೇ ಇಳಿದು ಬಂದಿತ್ತು.

ಅಲ್ಲಿ ಒಂದು ಕಡೆ ನಿಲ್ಲಿಸಿ, ಮನೆಯಿಂದ ಕಟ್ಟಿಸಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಲೋಡಿನ ಉಳ್ಳಾಗಡ್ಡಿಯಲ್ಲಿ ಒಂದನ್ನೂ ಅವರು ಮುಟ್ಟಲಿಲ್ಲ, ಡಬ್ಬಿಯಲ್ಲಿ ಮನೆಯದೇ ಇತ್ತು. ತಿನ್ನುತ್ತ ತಿನ್ನುತ್ತ ಕೇಳಿದರು: "ಸರ, ಅಷ್ಟೆಲ್ಲಾ ಓದೀರಿ. ನಂದೇನರ ಆದ್ರ ಎಷ್ಟಾಗ್ತೈತ್ರಿ ಲೆಕ್ಕ?"

ಕೂಡಲೇ ಹೇಳಲು ಬಾಯಿ ಬರಲಿಲ್ಲ. ಅವರು ಪಟ್ಟು ಬಿಡಲಿಲ್ಲ. ಬಿಲ್ಟಿಯ, ಅಂದರೆ ಸರಕಿನ ರಸೀದಿಯ, ಒಂದು ಝೆರಾಕ್ಸ್ ಪ್ರತಿ ಕೊಟ್ಟು, ಅದರ ಬೆನ್ನ ಮೇಲೆ ಬರೆಯಿರಿ ಅಂದರು. ಮೊಬೈಲಿನ ಬೆಳಕಿನಲ್ಲಿ ಬರೆದೆ.

ಎದುರಿನ ಗಾಡಿಯ ತಪ್ಪಾದರೆ ಅದರ ವಿಮೆಯಿಂದ, ಆ ಥರ್ಡ್ ಪಾರ್ಟಿ ದಾರಿಯಿಂದ ಸಿಗುತ್ತದೆ. ಅಲ್ಲಿ ಡ್ರೈವರೂ ಮೂರನೆಯವನೇ. ಆದರೆ ಮಧ್ಯರಾತ್ರಿ ಕಣ್ಣು ಎಳೆದು ಗಾಡಿ ತಾನಾಗಿ ಕಂದಕಕ್ಕೆ ಇಳಿದರೆ ಆ ದಾರಿ ಇಲ್ಲ. ಆ ಹೊತ್ತಿನ ಕಾನೂನಿನಲ್ಲಿ ಆಗ ಇದ್ದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. ಗಾಡಿಯ ವಿಮೆ ಡ್ರೈವರನಿಗೆ ಹೊಣೆಯಾಗುತ್ತಿದ್ದುದು ಆ ಕಾಯ್ದೆಯ ಅಳತೆಯಷ್ಟಕ್ಕೆ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕಿತ್ತು. ಕೂಲಿ ಎಷ್ಟೇ ಇರಲಿ, 15,000ಕ್ಕಿಂತ ಹೆಚ್ಚು ಹಿಡಿಯುವಂತಿರಲಿಲ್ಲ. 2020ಕ್ಕೆ ಮುಂಚೆ ಆ ಮಿತಿ ಬರೀ 8,000 ಇತ್ತು. ನಲವತ್ತೈದು ವರ್ಷದವನ ಅಂಕಿ 169.44. ಅರ್ಧ ಕೂಲಿ 7,500. ಗುಣಿಸಿದರೆ 12,70,800.

ಅವರು ಕಾಗದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಗಾಡಿದಕ್ಕಿಂತ ಕಮ್ಮಿ ಐತ್ರಿ."

ಹದಿನಾರು ಲಕ್ಷದ ಮಾತು ಅವರೂ ಕೇಳಿದ್ದರು. ಇನ್ನೂ ಒಂದು ಇತ್ತು, ಅದನ್ನೂ ಮುಚ್ಚಿಡದೆ ಹೇಳಿದೆ. ಇದೇ ಸೀಟಿನಲ್ಲಿ ಮಾಲೀಕರೇ ಕೂತು ಓಡಿಸುತ್ತಿದ್ದರೆ, ಮಾಲೀಕ–ಚಾಲಕ ಎಂಬ ಲೆಕ್ಕದಲ್ಲಿ ಅವರಿಗೆ 15 ಲಕ್ಷದ ಅಪಘಾತ ವಿಮೆ ಇದೆ. 2018ರಲ್ಲಿ ಅದನ್ನು ಏರಿಸಿದರು. ಕೂಲಿಯ ಡ್ರೈವರನಿಗೆ ಆ ವಿಮೆ ಇಲ್ಲ. ಅವನ ಮನೆಯವರು ಕೂಲಿ ಎಷ್ಟಿತ್ತು ಎಂದು ಮೊದಲು ತೋರಿಸಬೇಕು, ಅವನು ಆ ಗಾಡಿಯ ಡ್ರೈವರ್ ಎಂದೂ ತೋರಿಸಬೇಕು. ನಮ್ಮ ಕಾಕೂ ಬಿದ್ದದ್ದು ಅದೇ ಎರಡು ಪ್ರಶ್ನೆಗಳಲ್ಲಿ.

ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯಲ್ಲಿ ಖಾಸಗಿ ವಾಣಿಜ್ಯ ಗಾಡಿಗಳ ಡ್ರೈವರು, ಕ್ಲೀನರುಗಳಿಗೆ ಅಪಘಾತ ಪರಿಹಾರದ ಯೋಜನೆ ಇದೆ, ತೀರಿಕೊಂಡರೆ ಮನೆಯವರಿಗೆ 5 ಲಕ್ಷ. ಹೆಸರು ಹಚ್ಚಿಸಿದ್ದೀರಾ ಎಂದು ಕೇಳಿದೆ. ಕೇಳಿದ್ದರು, ಹಚ್ಚಿಸಿರಲಿಲ್ಲ. ಲೇಬರ್ ಆಫೀಸು ತೆರೆದಿರುವ ಹೊತ್ತಿನಲ್ಲಿ ಇವರು ಎಂದೂ ಊರಲ್ಲಿ ಇರುವುದಿಲ್ಲ.

ಅಂಕೋಲೆಯ ಹತ್ತಿರ ಕರಾವಳಿಯ ಹೆದ್ದಾರಿ ಸೇರಿ ದಕ್ಷಿಣಕ್ಕೆ ತಿರುಗಿದೆವು. ಸ್ವಲ್ಪ ದೂರಕ್ಕೆ ಶಿರೂರು. ಇದು ಅಂಕೋಲೆಯ ಶಿರೂರು, ಮುಂದೆ ಬೈಂದೂರಿನ ಹತ್ತಿರ ಇನ್ನೊಂದು ಬರುತ್ತದೆ. ಬಲಕ್ಕೆ ಗಂಗಾವಳಿ, ಎಡಕ್ಕೆ ಕಡಿದ ಗುಡ್ಡ. 2024ರ ಜುಲೈ 16ರ ಬೆಳಿಗ್ಗೆ ಆ ಗುಡ್ಡ ಕುಸಿಯಿತು. ರಸ್ತೆಯ ಬದಿಯಲ್ಲಿ ಒಂದು ಸಣ್ಣ ಹೋಟೆಲು ಇತ್ತು. ಲಾರಿ, ಟ್ಯಾಂಕರಿನವರು ಚಹಾಕ್ಕೆ ನಿಲ್ಲುವ ಜಾಗ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹೋಟೆಲಿನ ಮನೆಯವರೆಲ್ಲ ಹೋದರು. ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರು ಹೊಳೆ ಪಾಲಾಯಿತು. ಒಟ್ಟು ಹನ್ನೊಂದು ಜೀವ. ಅವರಲ್ಲಿ ಕೋಳಿಕ್ಕೋಡಿನ ಒಬ್ಬ ಲಾರಿ ಡ್ರೈವರ್. ಮರದ ತುಂಡುಗಳ ಲೋಡು ಹೊತ್ತು ಕೇರಳಕ್ಕೆ ಮರಳುತ್ತಿದ್ದವನು. ಅವನಿಗಾಗಿ ಹೊಳೆ ಜಾಲಾಡಿದರು. ಮಳೆ, ಸೆಳವು, ಕೆಸರು. ಗೋವೆಯಿಂದ ಡ್ರೆಜರ್ ತರಿಸಿ, ಸೆಪ್ಟೆಂಬರ್ 25ರಂದು ಲಾರಿಯನ್ನು ಮೇಲೆತ್ತಿದರು. ಎಪ್ಪತ್ತು ದಿನ ದಾಟಿತ್ತು. ಅವನು ಕ್ಯಾಬಿನ್ನಿನಲ್ಲೇ ಇದ್ದ.

"ನಾವೆಲ್ಲಾ ಅಲ್ಲೇ ಚಾ ಕುಡೀತಿದ್ವಿರಿ" ಎಂದು ಅವರು ವೇಗ ಇಳಿಸಿದರು. ನಿಲ್ಲಿಸಲಿಲ್ಲ, ಅಲ್ಲಿ ಈಗ ನಿಲ್ಲಿಸಲು ಬಿಡುವುದಿಲ್ಲ. "ಆ ಮುದಕಿ ತಾಯಿ, ಆ ಡ್ರೈವರನ ಅವ್ವ, ಟೀವ್ಯಾಗ ಅಳೋದು ನೋಡಿ ನಮ್ಮಾಕಿ ಮೂರ ದಿನ ನನ್ನ ಬಿಡಲಿಲ್ಲ ಗಾಡಿಗೆ."

ಗುಡ್ಡ ಕುಸಿದು ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಲಾರಿಯೊಂದು ಹೊಳೆಗೆ ಬಿತ್ತು. ಆ ಡ್ರೈವರನನ್ನು ಬದುಕಿಸಿದರು. ರಾತ್ರಿ ಇಡೀ ಈ ರಸ್ತೆಗಳ ಮೇಲೆ ಎಚ್ಚರ ಇರುವವರು ಇವರು; ಗುಡ್ಡವೋ ಸೇತುವೆಯೋ ಬಿದ್ದರೆ ಮೊದಲು ಸಿಗುವವರೂ ಇವರೇ.

ಕುಮಟಾ, ಹೊನ್ನಾವರದ ಶರಾವತಿ ಸೇತುವೆ, ಭಟ್ಕಳ. ಒಂದೊಂದು ಟೋಲು, ಅಲ್ಲಲ್ಲಿ ಅರ್ಧಕ್ಕೆ ನಿಂತ ಮೇಲ್ಸೇತುವೆ. ಎದುರಿನಿಂದ ಬರುವ ಲಾರಿಗಳ ದೀಪದಲ್ಲಿ ಅವರ ಮುಖ ಕಂಡು ಕಂಡು ಮರೆಯಾಗುತ್ತಿತ್ತು. ನಿದ್ದೆ ಬರದಿರಲಿ ಎಂದು ನಾನು ಮಾತು ತೆಗೆದೆ. 2024ರ ಜನವರಿಯ ಮೊದಲ ವಾರದ ಮುಷ್ಕರದಲ್ಲಿ ನೀವು ಎಲ್ಲಿದ್ದಿರಿ ಎಂದು ಕೇಳಿದೆ. ಅಪಘಾತ ಮಾಡಿ, ಪೊಲೀಸರಿಗೆ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಎಂಬ ಹೊಸ ಕಲಮಿನ ವಿರುದ್ಧ ಡ್ರೈವರುಗಳೇ ಗಾಡಿ ನಿಲ್ಲಿಸಿದ್ದ ಮುಷ್ಕರ ಅದು. ಹೆಚ್ಚಿನ ಕಡೆ ಮಾಲೀಕರ ಸಂಘ ಕರೆ ಕೊಡುವ ಮೊದಲೇ ಅವರು ಇಳಿದಿದ್ದರು. ಆ ವರ್ಷದ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಮನ್ನು ತಡೆಹಿಡಿದರು.

"ಕೊಲ್ಹಾಪುರದ ಹತ್ರ ನಿಂದರಿಸಿದ್ವಿರಿ. ಓಡಿ ಹೋಗೂದು ತಪ್ಪಂತ ನನಗೂ ಗೊತ್ತೈತ್ರಿ ಸರ. ಆದ್ರ ನಿಂತ್ರ ಜನ ಬಡೀತಾರ. ಹೊಡದು ಸಾಯಿಸಿದ್ದನ್ನ ಕಣ್ಣಾರ ನೋಡೇನಿ. ನಿಂತಾವನ್ನ ಉಳಸೂ ಹಂಗೂ ಒಂದು ಕಾನೂನ ಮಾಡ್ಲಿ, ನಾ ನಿಂದರ್ತೇನಿ."

ಡಿಕ್ಕಿ ಹೊಡೆದು ಓಡಿಹೋದ ಗಾಡಿ ಸಿಗದಿದ್ದರೆ ಸತ್ತವರ ಮನೆಗೆ ಸಿಗುವುದು 2 ಲಕ್ಷ, ಅದೂ 2022ರಿಂದ. ಗಾಡಿ ಸಿಕ್ಕರೆ ವಿಮೆ ಇದೆ, ನ್ಯಾಯಮಂಡಳಿ ಇದೆ, ಇದಕ್ಕಿಂತ ಎಷ್ಟೋ ಪಟ್ಟು ಸಿಗುತ್ತದೆ. ಡ್ರೈವರ್ ನಿಲ್ಲುವಂತಾದರೆ ರಸ್ತೆಯ ಮೇಲೆ ಬಿದ್ದವನ ಮನೆಗೇ ಅದರ ಲಾಭ. ನಿಂತವನಿಗೆ ರಕ್ಷಣೆ ಬೇಕು ಎಂದು ಇವರು ಕೇಳುತ್ತಿರುವುದು ಹಾಗಾಗಿ ಇಬ್ಬರಿಗಾಗಿ.

ಮರವಂತೆಯ ಹತ್ತಿರ, ಒಂದು ಬದಿ ಕಡಲು ಇನ್ನೊಂದು ಬದಿ ಸೌಪರ್ಣಿಕೆ ಇರುವಲ್ಲಿ, ಅವರ ಕಣ್ಣು ಎಳೆಯತೊಡಗಿದ್ದು ನನಗೇ ಕಾಣಿಸಿತು. ರೆಪ್ಪೆ ಮುಚ್ಚಿ ತೆರೆಯುವ ನಡುವಿನ ಹೊತ್ತು ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತಿತ್ತು. "ಅಣ್ಣಾರ, ಬದಿಗೆ ಹಾಕ್ರಿ" ಅಂದೆ. "ಬಂದರಿನ್ಯಾಗ ಏಳಕ್ಕ ಹೋಗಬೇಕ್ರಿ, ಲೇಟ್ ಆದ್ರ ನಾಳೆ ಇಳಸ್ತಾರ." ಮತ್ತೆ ಹೇಳಿದೆ. ಬದಿಗೆ ಹಾಕಿ, ಕೌದಿ ಹೊದ್ದು, ನಲವತ್ತು ನಿಮಿಷ ಮಲಗಿದರು. ಮಲಗಿದ ಕೂಡಲೇ ನಿದ್ದೆ. ನಾನು ಕಡಲಿನ ಸದ್ದು ಕೇಳುತ್ತ ಕ್ಲೀನರ್ ಸೀಟಿನಲ್ಲಿ ಕಾವಲು ಕೂತೆ. ಆ ಸೀಟಿನಲ್ಲಿ ಯಾರೂ ಇಲ್ಲದ ರಾತ್ರಿಗಳಲ್ಲಿ ಬದಿಗೆ ಹಾಕಿರಿ ಎಂದು ಯಾರು ಹೇಳುತ್ತಾರೆ?

ಮಂಗಳೂರಿನ ಬಂದರಿನ ಓಣಿಗಳು ಲಾರಿಗಾಗಿ ಮಾಡಿದವಲ್ಲ. ಏಳೂವರೆಗೆ ತಲುಪಿದಾಗ ಒಂದು ಕಡೆ ಮೀನಿನ ಗಾಡಿ, ಇನ್ನೊಂದು ಕಡೆ ಅಕ್ಕಿ ಮೂಟೆ. ಹಿಂದಕ್ಕೆ ತೆಗೆದು ಅಂಗಡಿಯ ಬಾಗಿಲಿಗೆ ಹಚ್ಚಬೇಕಿತ್ತು. ಅವರು ಕನ್ನಡಿಯಲ್ಲಿ ನೋಡಿ ಕುತ್ತಿಗೆ ಹೊರಗೆ ಹಾಕಿದರು. ನಾನು ಇಳಿದು ಹಿಂದೆ ಹೋಗಿ ನಿಂತು ಬಾಡಿಗೆ ಕೈ ಬಡಿದೆ. ಬರ್ಲಿ, ಬರ್ಲಿ. ಎರಡು ಸಲ ತಪ್ಪು ಹೇಳಿದೆ. ಮೂರನೆಯ ಸಲಕ್ಕೆ ಗಾಡಿ ನಿಂತಿತು.

ಹುಬ್ಬಳ್ಳಿಯಲ್ಲಿ ಉಳ್ಳಾಗಡ್ಡಿಯಾಗಿ ಹತ್ತಿದ್ದು ಇಲ್ಲಿ ನೀರುಳ್ಳಿಯಾಗಿ ಇಳಿಯತೊಡಗಿತು. ಎಣಿಕೆ ಸರಿಯಾಯಿತು, 360. ಎರಡು ಚೀಲ ಒದ್ದೆಯಾಗಿವೆ ಎಂದು ಅಂಗಡಿಯವರು ಸ್ವಲ್ಪ ಹಣ ಮುರಿದುಕೊಂಡರು. ಅದು ಬಾಟಾದಲ್ಲಿ ಹೋಗುತ್ತದೆ. ಆಮೇಲೆ ಪಣಂಬೂರಿಗೆ ಹೋಗಿ ಗೊಬ್ಬರದ ಲೋಡಿಗೆ ಹೆಸರು ಹಚ್ಚಬೇಕು, ಸರದಿ ಇವತ್ತು ಬಂದರೂ ಬಂದೀತು, ನಾಳೆಯೂ ಆದೀತು.

ನಾನು ಚೀಲ ಹೆಗಲಿಗೆ ಹಾಕಿಕೊಂಡಾಗ ಅವರು ಕ್ಯಾಬಿನ್ನಿಗೆ ಹತ್ತಿ ಪ್ಲಾಸ್ಟಿಕ್ ಫೈಲು ತೆಗೆದರು. ಶರ್ಟಿನ ಜೇಬಿನಿಂದ ಆ ಬಿಲ್ಟಿಯ ಝೆರಾಕ್ಸ್ ಹೊರಬಂತು. ನಾಲ್ಕು ಮಡಿಕೆಯಾಗಿತ್ತು, ಬೆವರಿಗೆ ಅಂಚು ಮೆತ್ತಗಾಗಿತ್ತು. ಲೇಬರ್ ಆಫೀಸಿನ ಯೋಜನೆಯ ಹೆಸರನ್ನೂ ಅದರ ಕೆಳಗೆ ಬರೆಸಿಕೊಂಡರು. ತಮ್ಮ ದುಡಿಮೆಯ ಲೆಕ್ಕವನ್ನು ಟ್ರಿಪ್ ಟ್ರಿಪ್ಪಿಗೂ ಒಂದು ಡೈರಿಯಲ್ಲಿ ಬರೆದಿಡಿ, ಮಾಲೀಕರ ಸಹಿ ಹಾಕಿಸಿ ಅಂದೆ. ತಲೆಯಾಡಿಸಿ, ಕಾಗದವನ್ನು ಇನ್ಶೂರೆನ್ಸಿನ ಹಾಳೆಯ ಹಿಂದೆ ಸೇರಿಸಿದರು. ಆಮೇಲೆ ಏನೋ ನೆನಪಾಗಿ ಮತ್ತೆ ತೆಗೆದು ಜೇಬಿಗೇ ಇಟ್ಟುಕೊಂಡರು.

"ಇಲ್ಲಿ ಇಟ್ರ ಗಾಡಿ ಜೋಡಿನ ಹೋಗತೈತ್ರಿ. ಮನ್ಯಾಗ ಆಕಿ ಕಡೆ ಕೊಡ್ತೇನಿ. ಆಕಿ ಏಳನೇತ್ತ ಮಟಾ ಸಾಲಿ ಕಲ್ತಾಳ, ಗೊತ್ತಿರ್ಲಿ."